ರಂಗೂನಿನ ಬನವ್ವ

ಕುರಿಯ ವಿಷಯದಲ್ಲಿ ದಾಳಿಂಬದ ಅಂಬಣ್ಣನನ್ನು ಮೀರಿಸುವವರು ಉಮರಗಾ ಸೀಮೆಯಲ್ಲೇ ಇರಲಿಲ್ಲ. ಮನುಷ್ಯರ ವಿಷಯ ಬಂದರೆ ಮಾತ್ರ ಅವನ ತಲೆ ಓಡುತ್ತಿರಲಿಲ್ಲ. ಅಲ್ಲಿಯೂ ಕುರಿಯ ಲೆಕ್ಕವನ್ನೇ ಹಾಕುತ್ತಿದ್ದ. ಹೆಂಡತಿ ಮಾಳಮ್ಮ ಮುನಿಸಿಕೊಂಡರೆ ತಾಯಿಕುರಿ ಮುನಿಸಿಕೊಂಡಿದೆ ಅಂದುಕೊಂಡು ಎರಡು ದಿನ ಹತ್ತಿರ ಹೋಗುತ್ತಿರಲಿಲ್ಲ. ಮೂರನೆಯ ದಿನ ಆಕೆ ತಾನೇ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಹೀಗೆ ಹತ್ತು ಸಲ ಲೆಕ್ಕ ಸರಿಹೋಗಿ ಅವನಿಗೆ ತನ್ನ ಜಾಣತನದ ಮೇಲೆ ಭಾರಿ ಭರವಸೆ ಬಂದುಬಿಟ್ಟಿತ್ತು, ಪಾಪ.

ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದರು ಅಂತ ಸುದ್ದಿ ಬಂದ ಮರುವರ್ಷದ ಶ್ರಾವಣದಲ್ಲಿ ಅವರ ಒಬ್ಬಳೇ ಮಗಳು ಬನವ್ವ ಜ್ವರ ಬಂದು ತೀರಿಕೊಂಡಳು. ಏಳು ವರ್ಷದ ಕೂಸು. ಅಂಬಣ್ಣನೇ ಹಳ್ಳದ ದಂಡೆಯ ಬನ್ನಿ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದ. ಮಾಳಮ್ಮ ಮಣ್ಣಿಗೆ ಹೋಗಲಿಲ್ಲ, ಅಳಲೂ ಇಲ್ಲ. ಮಗಳು ಸತ್ತಳು ಎಂಬ ಮಾತು ಆಕೆಯ ಬಾಯಿಂದ ಒಮ್ಮೆಯೂ ಹೊರಡಲಿಲ್ಲ. ಬೇರೆಯವರು ಅಂದರೆ ಎದ್ದು ಹೋಗುತ್ತಿದ್ದಳು. ಆಮೇಲೆ ಮಾತೇ ನಿಂತಿತು. ಊರ ಹೊರಗಿನ ಆ ಗುಡಿಸಲಿನಲ್ಲಿ ಗಂಡ ಹೆಂಡತಿ ಇಬ್ಬರೇ, ನಡುವೆ ಒಲೆ ಉರಿಯುವ ಸಪ್ಪಳ ಬಿಟ್ಟರೆ ಬೇರೇನಿಲ್ಲ.

ದೀಪಾವಳಿ ಕಳೆದ ಮೇಲೆ ಅಂಬಣ್ಣ ಉಣ್ಣೆ ಹೊತ್ತುಕೊಂಡು ಉದಗೀರಿನ ಸಂತೆಗೆ ಹೋದ. ರೈಲು ಸ್ಟೇಶನ್ನಿನ ಹತ್ತಿರದ ಧರ್ಮಶಾಲೆಯ ಮುಂದೆ ಜನ ನೆರೆದಿದ್ದರು. ಒಳಗೆ ಗೋಡೆಯುದ್ದಕ್ಕೂ ಮಕ್ಕಳು ಕೂತಿದ್ದವು, ತಲೆ ಬೋಳಿಸಿಕೊಂಡು, ದೊಡ್ಡವರ ಅಂಗಿ ತೊಟ್ಟುಕೊಂಡು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ಉಮರಗಾ ತಹಸೀಲಿನ ಕಂದಾಯ ಖಾತೆಯ ಗಿರ್ದಾವರ ವೈಜಿನಾಥರಾಯರು. ಹೊಲಗಳ ತಪಾಸಣೆಗೆ ವರ್ಷಕ್ಕೊಮ್ಮೆ ದಾಳಿಂಬಕ್ಕೆ ಬರುತ್ತಿದ್ದವರು, ಅಂಬಣ್ಣನ ಗುರುತು ಹಿಡಿದರು.

"ಲಡಾಯಿಯೊಳಗ ತಂದಿ ತಾಯಿ ಕಳಕೊಂಡ ಕೂಸುಗಳೋ ಇವು," ಅಂದರು. "ರಂಗೂನದಿಂದ ಹಡಗಿನ್ಯಾಗ ವಿಶಾಖಪಟ್ಟಣಕ್ಕ ಬಂದಾವ. ಹೈದರಾಬಾದದಾಗ ಜಾಗಾ ಸಾಲವಲ್ದು. ಒಳ್ಳೆ ಮನಿ ನೋಡಿ ಕೊಡ್ರಿ ಅಂತ ಹುಕುಂ ಆಗ್ಯದ. ನಿನಗ ಮಕ್ಕಳು ಅದಾವಿಲ್ಲೊ?"

"ಒಬ್ಬಾಕಿ ಇದ್ಳರೀ ಸಾಹೇಬ್ರ."

ಗಿರ್ದಾವರರು ಅವನ ಮುಖ ನೋಡಿ ಮುಂದೆ ಕೇಳಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಹುಡುಗಿಯನ್ನು ತೋರಿಸಿದರು. ಅಗಲ ಮುಖ, ಸಣ್ಣ ಕಣ್ಣು, ಏಳೆಂಟು ವರ್ಷವಿರಬಹುದು. ತಂದೆ ರಂಗೂನಿನ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ತೆಲುಗಿನವನಂತೆ, ತಾಯಿ ಆ ದೇಶದವಳಂತೆ. ತಾಯಿ ಬಾಂಬಿಗೆ ಸತ್ತಳು, ತಂದೆ ಎಲ್ಲಿದ್ದಾನೋ ಗೊತ್ತಿಲ್ಲ. ಹಡಗಿನಲ್ಲಿ ಜೊತೆಗಿದ್ದ ನೆರೆಮನೆಯವರು ವಾಂತಿಭೇದಿಗೆ ಹೋದರು. ಹೆಸರೇನು ಅಂತ ಕೇಳಿದರೆ ಹುಡುಗಿ ಎದೆಯ ಮೇಲೆ ಕೈಯಿಟ್ಟು "ಮಖಿನ್" ಅಂದಳು.

"ಒಂದು ಮಾತು ನೆನಪಿಡು, ಅಂಬಣ್ಣ. ನಾಳೆ ಈಕಿ ಪೈಕಿ ಯಾರರ ಹುಡುಕ್ಕೊಂಡು ಬಂದ್ರ ತಕರಾರಿಲ್ದೆ ಕೊಡಬೇಕು."

ಅಂಬಣ್ಣ ಸೊಂಟದ ಚೀಲದಿಂದ ಕುಲದೇವರು ಬೀರಪ್ಪನ ಭಂಡಾರ ತೆಗೆದು, ಅರಿಶಿಣದ ಕೈಯನ್ನು ಹುಡುಗಿಯ ತಲೆಯ ಮೇಲಿಟ್ಟು ಆಣೆ ಮಾಡಿದ. ಭಂಡಾರ ಮುಟ್ಟಿ ಆಡಿದ ಮಾತನ್ನು ಕುರುಬರು ತಪ್ಪುವುದಿಲ್ಲವೆಂದು ಗಿರ್ದಾವರರಿಗೂ ಗೊತ್ತಿತ್ತು. ನಿಲಂಗಾ ದಾಟಿ ಊರು ಮುಟ್ಟುವ ತನಕ ಹುಡುಗಿ ಅವನ ಕಂಬಳಿಯ ಅಂಚು ಹಿಡಿದೇ ನಡೆದಳು. ಆಣೆಯ ಮಾತನ್ನು ಮಾತ್ರ ಅಂಬಣ್ಣ ಹೆಂಡತಿಗೆ ಹೇಳಲಿಲ್ಲ. ಮೊದಲು ಕೂಸನ್ನು ಹತ್ತಿರ ಸೇರಿಸಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ.

ಮಾಳಮ್ಮ ಹುಡುಗಿಯನ್ನು ಒಮ್ಮೆ ನೋಡಿ ಗೋಡೆಗೆ ಮುಖ ತಿರುಗಿಸಿದಳು. "ಯಾರ ಕೂಸೋ ಏನೋ. ಎಲ್ಲಿಂದ ತಂದೀರಿ ಅಲ್ಲೇ ಬಿಟ್ಟು ಬರ್ರಿ," ಅಂದಳು. ತಿಂಗಳುಗಟ್ಟಲೆ ಆದ ಮೇಲೆ ಆಕೆ ಆಡಿದ ಮೊದಲ ಮಾತು ಅದು. ಹುಡುಗಿಗೆ ಜೋಳದ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಅಂಬಣ್ಣ ತಾನೇ ಅಂಬಲಿ ಕಾಸಿ ಕುಡಿಸಿದ, ಅದೂ ಅರ್ಧ ವಾಂತಿಯಾಯಿತು. ದಿನ ಕಳೆದಂತೆ ಕೂಸಿನ ಎದೆಗೂಡು ಎಣಿಸುವಂತಾಯಿತು. ಸೆರಗಿನಿಂದ ಒಂದು ಸಲ ಬಾಯೊರೆಸುವವರಿಲ್ಲದೆ ಈಕೆ ಬದುಕುವುದಿಲ್ಲವೆಂದು ಅವನಿಗೆ ಗಟ್ಟಿಯಾಯಿತು, ಹೆದರಿಕೆಯೂ ಆಯಿತು.

ಕುರಿಯವರ ಒಂದು ಉಪಾಯವಿದೆ. ಮರಿ ಸತ್ತ ತಾಯಿಕುರಿ ಬೇರೆ ಮರಿಯನ್ನು ಸೇರಿಸುವುದಿಲ್ಲ, ಮೂಸಿ ನೋಡಿ ತಳ್ಳಿಬಿಡುತ್ತದೆ. ಆಗ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಯ ಮೈಗೆ ಹೊದಿಸಿ ಕಟ್ಟುತ್ತಾರೆ. ತಾಯಿ ಮೂಸುತ್ತದೆ, ತನ್ನದೇ ವಾಸನೆ, ಕೆಚ್ಚಲು ಬಿಡುತ್ತದೆ. ಎರಡು ಮೂರು ದಿನದಲ್ಲಿ ಹೊಸ ಮರಿಗೇ ಅದರ ಹಾಲಿನ ವಾಸನೆ ಹತ್ತಿರುತ್ತದೆ. ಆಗ ಚರ್ಮ ಬಿಚ್ಚಿ ಒಗೆಯಬೇಕು. ಮರೆತರೆ ಅದು ಕೊಳೆತು, ಹುಳ ಬಿದ್ದು, ಒಳಗಿನ ಮರಿಯನ್ನೂ ತಿನ್ನುತ್ತದೆ. ಆ ವಾರ ಹಟ್ಟಿಯಲ್ಲಿ ಅಂಥದೇ ಒಂದು ಮರಿಗೆ ಚರ್ಮ ಕಟ್ಟಿ ಎದ್ದ ಅಂಬಣ್ಣ, ಕೈ ಕೂಡ ತೊಳೆಯದೆ ಅಲ್ಲೇ ನಿಂತುಬಿಟ್ಟ.

ಮರುದಿನ ಮುಂಜಾನೆ ಟ್ರಂಕಿನ ತಳದಿಂದ ಬನವ್ವನ ಹಸಿರು ಪರಕಾರ ತೆಗೆದು ಮಖಿನ್‌ಗೆ ಉಡಿಸಿದ. ಅವಳ ಪೋಲಕ ತೊಡಿಸಿದ, ಕಾಲಿಗೆ ಅವಳದೇ ಗೆಜ್ಜೆ ಕಟ್ಟಿದ. ಮಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಗೆಜ್ಜೆಯ ಸಪ್ಪಳ ಕೇಳಿ ಕೈ ನಿಂತಿತು. ತಿರುಗಿ ನೋಡಿದಳು. ಹುಡುಗಿಯನ್ನು ಪರಕಾರದ ಅಂಚು ಹಿಡಿದು ಹತ್ತಿರ ಎಳೆದುಕೊಂಡಳು, ಬಟ್ಟೆಗೆ ಮೂಗು ಹಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಬಿಸಿ ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿ, ಕಲಸಿ, ಒಂದೊಂದೇ ತುತ್ತು ಮಾಡಿ ಉಣಿಸಿದಳು. ಕೂಸು ಪೂರ್ತಿ ಉಂಡಿತು. ಅಂಬಣ್ಣ ಹೊರಗೆ ಬಂದು ಹಟ್ಟಿಯ ಮುಳ್ಳುಬೇಲಿಯ ಹತ್ತಿರ ಕೂತು ಸುಖದಿಂದ ಅತ್ತ.

ಉಪಾಯ ಫಲಿಸಿತಲ್ಲ, ಇನ್ನು ಚರ್ಮ ಬಿಚ್ಚುವ ಕೆಲಸ. ಉಮರಗಾ ಪೇಟೆಗೆ ಹೋಗಿ ಕೆಂಪು ಬಣ್ಣದ ಹೊಸ ಪರಕಾರ ಹೊಲಿಸಿಕೊಂಡು ಬಂದ. ಮಾಳಮ್ಮ ಅದನ್ನು ಬಿಚ್ಚಿ ನೋಡಿ ನಕ್ಕಳು.

"ಇದು ಯಾರಿಗಿ ತಂದೀರಿ? ಬನವ್ವಗ ಹಸರು ಅಂದ್ರ ಜೀವ. ಮಗಳ ಮನಸ ನಿಮಗ ಗೊತ್ತಿಲ್ಲೇನು?"

"ಮಾಳಿ, ಈಕಿ..."

"ಈಕಿ ಏನು?"

ಆಕೆ ಕೇಳಿದ್ದು ಮೆತ್ತಗೆ, ಆದರೆ ಕಣ್ಣು ಮಿಟುಕಿಸದೆ. ಅಂಬಣ್ಣ ಕುರಿ ಬಿಡಲು ಎದ್ದುಹೋದ. ಕೆಂಪು ಪರಕಾರ ಸಂಜೆಗೆ ಒಲೆಯೊಳಗೆ ಹೋಯಿತು.

ಅಲ್ಲಿಂದ ಶುರುವಾಯಿತು. ಊಟದ ಹೊತ್ತಿಗೆ ಮಾಳಮ್ಮ ತಾಟು ಕೈಯಲ್ಲಿ ಹಿಡಿದು "ನೀ ಯಾರವ್ವಾ?" ಎಂದು ಕೇಳುತ್ತಿದ್ದಳು. ಹುಡುಗಿ ಎದೆಯ ಮೇಲೆ ಕೈಯಿಟ್ಟು "ಮಖಿನ್" ಅನ್ನುತ್ತಿದ್ದಳು. ತಾಟು ಹಿಂದೆ ಸರಿಯುತ್ತಿತ್ತು. ಬೈಗುಳವಿಲ್ಲ, ಹೊಡೆತವಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ, ಅದೇ ಮುದ್ದಿನ ದನಿಯಲ್ಲಿ. ಒಂದು ದಿನ ಹಸಿದ ಕೂಸು ತಾಟನ್ನೇ ನೋಡುತ್ತ "ಬನವ್ವ" ಅಂದಿತು. ಮಾಳಮ್ಮ ಎತ್ತಿಕೊಂಡು ಮುದ್ದಿಟ್ಟು ಬೆಲ್ಲ ತಿನ್ನಿಸಿದಳು. ಇದೆಲ್ಲ ನಡೆಯುವಾಗ ಅಂಬಣ್ಣ ಪಕ್ಕದಲ್ಲೇ ಕೂತು ತನ್ನ ರೊಟ್ಟಿ ಮುರಿಯುತ್ತಿದ್ದ. ತನ್ನ ತಾಟನ್ನು ಆ ಕಡೆ ಸರಿಸಿದ್ದರೆ ಸಾಕಿತ್ತು. ಆದರೆ ಗಂಡಸರು ಇಂಥ ಹೊತ್ತಿನಲ್ಲಿ ಬಾವಿಯ ಹಗ್ಗ ಸವೆದಿದೆ, ಕುರಿಯ ಗೊರಸು ಕೊಳೆತಿದೆ ಅಂತ ಏನಾದರೊಂದು ತುರ್ತು ಕೆಲಸ ಹುಡುಕಿಕೊಂಡು ಎದ್ದುಹೋಗುತ್ತಾರೆ. ಅವನೂ ಹಾಗೇ ಮಾಡಿದ. ಕೂಸು ಉಣ್ಣುತ್ತದೆ, ಹೆಂಡತಿ ಮಾತಾಡುತ್ತಾಳೆ, ಹೆಸರಿನಲ್ಲೇನಿದೆ ಅಂತ ತನಗೆ ತಾನೇ ಹೇಳಿಕೊಂಡ. ಆದರೂ ಹುಡುಗಿ ಗೆಜ್ಜೆ ಸಪ್ಪಳ ಮಾಡುತ್ತ ಹಿಂದಿನಿಂದ ಬಂದರೆ ಅವನ ಬೆನ್ನು ಝುಂ ಅನ್ನುತ್ತಿತ್ತು.

ಬೇಸಿಗೆಗೆ ಮುಂಚೆ ನಿಲಂಗಾ ಕಡೆಯಿಂದ ಹಚ್ಚೆ ಹಾಕುವ ಮುದುಕಿ ಬಂದಳು. ಮಾಳಮ್ಮ ಹುಡುಗಿಯನ್ನು ಮುಂದೆ ಕೂರಿಸಿ, "ಹಣಿ ಮ್ಯಾಲ ಮೂರು ಚುಕ್ಕಿ, ಗದ್ದಕ್ಕ ಒಂದು," ಅಂದಳು. ಮುದುಕಿ ಸೂಜಿ ತೆಗೆದವಳು ಹುಡುಗಿಯ ಗದ್ದ ಎತ್ತಿ ನೋಡಿ ಸೂಜಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ಇದೇ ಚುಕ್ಕಿ ನಿನ್ನ ಮಗಳಿಗಿ ಹಾಕೀನಲ್ಲವ್ವ. ಆ ಕೂಸು ಹೋತಂತ ಕೇಳಿದ್ದೆ."

"ಯಾರು ಹೇಳ್ಯಾರ? ಮುಂದ ಕುಂತಾಳ, ಕಣ್ಣ ಕಾಣ್ಸಂಗಿಲ್ಲೇನು?"

ಮುದುಕಿ ಅಂಬಣ್ಣನ ಕಡೆ ನೋಡಿದಳು. ಅವನು ನೆಲ ನೋಡಿದ.

"ಸತ್ತ ಮ್ಯಾಲ ಜೀವದ ಸಂಗಾಟ ಹೋಗೋದು ಇದೊಂದೇ ಅವ್ವಾ," ಅಂದಳು ಮುದುಕಿ, ತನ್ನ ಕೈಯ ಮೇಲಿನ ಹಚ್ಚೆ ಸವರಿಕೊಳ್ಳುತ್ತ. "ಮ್ಯಾಲಿನಾಂವ ಗುರ್ತ ಹಿಡಿಯೋದು ಇದರಿಂದ. ಹೋದಾಕಿ ಚುಕ್ಕಿ ಇದ್ದಾಕಿಗಿ ಹಾಕಬಾರ್ದು. ನನ್ನ ಲೆಕ್ಕದಾಗ ಒಬ್ಬಾಕಿ ಹಾದಿ ತಪ್ಪಿ ಇಲ್ಲೇ ಉಳಿದಾಳ ಅಂತ ಅಂವಾ ಒಯ್ಯಾಕ ಬರ್ತಾನ. ನಾ ಹಾಕಲ್ಲ." ಮಾಳಮ್ಮ ಕೊಟ್ಟ ಜೋಳವನ್ನೂ ತೆಗೆದುಕೊಳ್ಳದೆ ಮುದುಕಿ ಹೋದಳು.

ಆ ಸಂಜೆ ಅಂಬಣ್ಣ ಕುರಿ ಹೊಡೆದುಕೊಂಡು ಬಂದಾಗ ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು. ಹಣೆ ಊದಿತ್ತು, ಗದ್ದದಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಮಾಳಮ್ಮ ದೀಪದ ಕಾಡಿಗೆಗೆ ಎಣ್ಣೆ ಬೆರೆಸಿ, ಕಂಬಳಿ ಹೊಲಿಯುವ ಸೂಜಿಯಿಂದ ತಾನೇ ಚುಚ್ಚಿದ್ದಳು. ಒಂದು ಚುಕ್ಕಿಯೂ ಆಚೀಚೆ ಆಗಿರಲಿಲ್ಲ. ಅಂಬಣ್ಣನಿಗೆ ಮೊದಲ ಸಲ ತನ್ನ ಹೆಂಡತಿಯ ಹೆದರಿಕೆಯಾಯಿತು. ಗಿರ್ದಾವರರ ಹತ್ತಿರ ಹೋಗಿ ಕೂಸನ್ನು ಒಪ್ಪಿಸಿ ಬರಬೇಕು ಅಂದುಕೊಂಡ. ಹಾಗೆ ಅಂದುಕೊಂಡೇ ಬೇಸಿಗೆ ಕಳೆಯಿತು.

ಶ್ರಾವಣ ಬಂತು, ಹುಡುಗಿಗೆ ಜ್ವರವೂ ಬಂತು. ಅದೇ ತರಹ, ಮೈ ಕೆಂಡ, ಬಾಯಿ ಒಣಗಿ ಹೊಟ್ಟು. ಅಂಬಣ್ಣ ಲೋಹಾರಾಕ್ಕೆ ಓಡಿ ವೈದ್ಯನಿಂದ ಕಷಾಯದ ಬೇರು ತಂದ, ಬೀರಪ್ಪನಿಗೆ ಕುರಿ ಹರಕೆ ಹೊತ್ತ. ಮಾಳಮ್ಮ ಒಬ್ಬಳೇ ನಿಶ್ಚಿಂತೆಯಿಂದ ಇದ್ದಳು, ಒದ್ದೆ ಬಟ್ಟೆ ಹಾಕುತ್ತ ಹಾಡು ಗುನುಗುತ್ತಿದ್ದಳು.

"ಯಾಕ ಇಷ್ಟು ಗಾಬರಿ ಆಗ್ತೀರಿ?" ಅಂದಳು. "ಹೋದ ಶ್ರಾವಣದಾಗೂ ಹಿಂಗೇ ಬಂದಿತ್ತು. ಆರಾಮ ಆಗಲಿಲ್ಲೇನು?"

ಅಂಬಣ್ಣ ಕಷಾಯದ ಬಟ್ಟಲನ್ನು ನೆಲಕ್ಕಿಟ್ಟು ಹೊರಗೆ ಹೋದ.

ಕೂಸು ಬದುಕಿತು. ಆದರೆ ಜ್ವರದಲ್ಲಿ ಯಾರದೋ ಹೆಸರು ಹಿಡಿದು ತನ್ನ ಭಾಷೆಯಲ್ಲಿ ಕನವರಿಸುತ್ತಿದ್ದವಳ ಬಾಯಿಂದ ಜ್ವರ ಬಿಟ್ಟ ಮೇಲೆ ಆ ಭಾಷೆಯ ಒಂದು ಮಾತೂ ಬರಲಿಲ್ಲ. ಕನ್ನಡವೇ ಬಂತು, ಮಾಳಮ್ಮನ ಕನ್ನಡ, ಅದೇ ರಾಗ. ಹಾಸಿಗೆಯ ಹತ್ತಿರ ಮಾಳಮ್ಮ ಹಗಲೆಲ್ಲ ಕೂತು ಮಾತಾಡಿದ್ದು ಹುಡುಗಿಯ ತಲೆಯಲ್ಲಿ ಇಳಿದುಬಿಟ್ಟಿತ್ತು. ಒಂದು ಮಧ್ಯಾಹ್ನ ಕುರಿಯ ಹಿಂದೆ ನಡೆಯುತ್ತ ಅಂದಳು:

"ಅಪ್ಪಾ, ನಾ ಸಣ್ಣಾಕಿ ಇದ್ದಾಗ ಈ ಬೇವಿನ ಗಿಡದಿಂದ ಬಿದ್ದಿದ್ದೆ. ನೀ ನನ್ನ ಹೆಗಲ ಮ್ಯಾಲ ಹೊತ್ತು ಮನಿಗಿ ಒಯ್ದಿದ್ದಿ. ನೆನಪದ ಏನು?"

ಅಂಬಣ್ಣನಿಗೆ ನೆನಪಿತ್ತು. ಬಿದ್ದವಳು ಬನವ್ವ. ಇಲ್ಲ ಅನ್ನಬೇಕೆಂದು ಬಾಯಿ ತೆರೆದ. ಹುಡುಗಿ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು, ಹಣೆಯ ಮೇಲೆ ಮೂರು ಚುಕ್ಕಿ. "ಅದವ್ವ, ನೆನಪದ," ಅಂದ. ಅಂದ ಮೇಲೆ ಅವನಿಗೇ ತಿಳಿಯಿತು, ಇಷ್ಟು ದಿನ ಬರೀ ನೋಡುತ್ತಿದ್ದವನು ಇವತ್ತು ತಾನೂ ಕೈ ಹಚ್ಚಿದೆ ಎಂದು. ಹುಡುಗಿ ಖುಷಿಯಿಂದ ಮುಂದೆ ಓಡಿದಳು.

ಸಂಕ್ರಾಂತಿಯ ಆಜುಬಾಜಿನಲ್ಲಿ ಗಿರ್ದಾವರ ವೈಜಿನಾಥರಾಯರು ಕುದುರೆಯ ಲಗಾಮು ಹಿಡಿದು ನಡೆದೇ ಗುಡಿಸಲಿಗೆ ಬಂದರು. ಜೊತೆಗೆ ಒಬ್ಬ ಕರ್ರಗಿನ ಸಣಕಲು ಮನುಷ್ಯ, ಒಂದು ಕಾಲು ಎಳೆದು ಹಾಕುತ್ತಿದ್ದ.

"ಅಂಬಣ್ಣ, ಇಂವಾ ಅಪ್ಪಲಸ್ವಾಮಿ ಅಂತ," ಅಂದರು. "ಮಖಿನ್ ತಂದಿ. ರಂಗೂನದಿಂದ ಅಡವಿ ಗುಡ್ಡ ಹಾದು ನಡಕೋತ ಬಂದಾನ. ಹಾದಿಯೊಳಗ ಕಾಲು ಹೋಗ್ಯದ. ವಿಶಾಖಪಟ್ಟಣ, ಹೈದರಾಬಾದ, ಉದಗೀರ, ಎಲ್ಲಾ ಕಡಿ ಹುಡುಕ್ಯಾನ. ಕೂಸು ಕರಿ."

ಅಂಬಣ್ಣ ಕುದುರೆಯ ಲಗಾಮು ಇಸಿದುಕೊಂಡು ಗೂಟಕ್ಕೆ ಕಟ್ಟತೊಡಗಿದ. ಮಾಳಮ್ಮ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಿಟ್ಟಳು. ಹುಡುಗಿ ಆಕೆಯ ಸೀರೆ ಹಿಡಿದು ಹಿಂದೆ ನಿಂತಿದ್ದಳು.

"ಆ ಕೂಸೇನ್ರೀ ಸಾಹೇಬ್ರ?" ಮಾಳಮ್ಮ ಸೆರಗು ಸರಿಮಾಡಿಕೊಂಡಳು. "ಆಕಿ ಉಳಿಲಿಲ್ರೀ. ಶ್ರಾವಣದಾಗ ಜ್ವರ ಬಂದು ಸತ್ತಳು. ಅಗಾ, ಅಲ್ಲಿ ಬನ್ನಿ ಗಿಡದ ಬುಡಕ ಮಣ್ಣು ಮಾಡ್ಯಾರ."

ಕೈ ಚಾಚಿ ಹಳ್ಳದ ದಂಡೆ ತೋರಿಸಿದಳು. ಎರಡು ಶ್ರಾವಣ ಕಳೆದರೂ ಅತ್ತ ಕಡೆ ಒಮ್ಮೆಯೂ ಕಣ್ಣು ಹಾಯಿಸದವಳು. ದನಿ ಒಂದಿಷ್ಟೂ ಅಲುಗಲಿಲ್ಲ, ಯಾಕೆಂದರೆ ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆಕೆಗೆ ಅದೇ ನಿಜವಾಗಿತ್ತು.

"ಮತ್ತ ಈಕಿ?" ಗಿರ್ದಾವರರು ಹುಡುಗಿಯನ್ನು ನೋಡಿದರು.

"ಈಕಿ ನನ್ನ ಹೊಟ್ಟಿ ಕೂಸು. ಬನವ್ವ."

ಉದಗೀರಿನಲ್ಲಿ ಒಮ್ಮೆ ಕಂಡ ಬೋಳುತಲೆಯ ಕೂಸಿನ ಗುರುತು ಗಿರ್ದಾವರರಿಗೆ ಹತ್ತಲಿಲ್ಲ. 'ಒಬ್ಬಾಕಿ ಇದ್ಳು' ಅಂದಿದ್ದ ಅಂಬಣ್ಣನ ಕಡೆ ನೋಡಿದರು, ಅವನು ಲಗಾಮಿನ ಗಂಟು ಬಿಗಿಯುತ್ತಲೇ ಇದ್ದದ್ದು ಕಂಡು ಮಾಳಮ್ಮ ಅಂದದ್ದನ್ನೇ ತೆಲುಗಿನಲ್ಲಿ ಅಪ್ಪಲಸ್ವಾಮಿಗೆ ಹೇಳಿದರು. ಅಪ್ಪಲಸ್ವಾಮಿ ಹುಡುಗಿಯತ್ತ ಒಂದು ಹೆಜ್ಜೆ ಬಂದ. ಹಣೆ, ಗದ್ದದ ಚುಕ್ಕಿ, ಹಸಿರು ಪರಕಾರ, ಎಣ್ಣೆ ಹಚ್ಚಿ ಹೆಣೆದ ಜಡೆ, ಬಿಸಿಲಿಗೆ ಕಪ್ಪಾದ ಮುಖ, ಎಲ್ಲ ನೋಡಿದ. ಏನೋ ಕೇಳುವವನ ಹಾಗೆ "ಮಖಿನ್?" ಅಂದ. ಹುಡುಗಿ ಇನ್ನಷ್ಟು ಹಿಂದೆ ಸರಿದು "ಅವ್ವಾ, ಯಾರಂವಾ?" ಅಂತ ಮಾಳಮ್ಮನನ್ನು ಕೇಳಿದಳು. ಅವನ ಮುಖದಲ್ಲಿದ್ದ ಸಣ್ಣ ಆಸೆ ಆರಿತು. ಕುಂಟುತ್ತ ಹಳ್ಳದ ಕಡೆ ನಡೆದ.

ಅಂಬಣ್ಣನ ಕಾಲು ತಾವಾಗಿಯೇ ಅವನ ಹಿಂದೆ ಹೋದವು. ಅಪ್ಪಲಸ್ವಾಮಿ ಬನ್ನಿ ಗಿಡದ ಬುಡದಲ್ಲಿ ಕೂತ. ನರಿ ಕೆದರದಂತೆ ಹೇರಿದ್ದ ಕಲ್ಲುಗಳು ಮಳೆಗೆ ಜರುಗಿದ್ದವು. ಒಂದೊಂದನ್ನೇ ಎತ್ತಿ, ಮಣ್ಣು ಒರೆಸಿ, ಸರಿಯಾಗಿ ಜೋಡಿಸತೊಡಗಿದ. ಜೋಡಿಸುತ್ತ ಏನೇನೋ ಮಾತಾಡುತ್ತಿದ್ದ, ಮಗಳಿಗೆ ದಾರಿಯಲ್ಲಿ ತಡವಾದದ್ದಕ್ಕೆ ಸಬೂಬು ಹೇಳುವವನ ಹಾಗೆ. ಆಮೇಲೆ ಮಣ್ಣಿನ ಮೇಲೆ ಬೋರಲು ಬಿದ್ದು ಅತ್ತ. ಬನವ್ವನ ಗುಂಡಿಯ ಮೇಲೆ ಯಾರಾದರೂ ಅತ್ತದ್ದು ಅದೇ ಮೊದಲು. ಹೆತ್ತವಳು ಅಳಲಿಲ್ಲ, ತಾನೂ ಇಲ್ಲಿ ಬಂದು ಕೂತಿರಲಿಲ್ಲ. ಸಮುದ್ರದಾಚೆಯ ಒಬ್ಬ ಬಡಪಾಯಿ ಬಂದು ತನ್ನ ಮಗಳಿಗಾಗಿ ಅಳುತ್ತಿದ್ದಾನೆ, ಯಾರಿಗಾಗಿ ಅಳುತ್ತಿದ್ದೇನೆಂದು ಅವನಿಗೇ ಗೊತ್ತಿಲ್ಲ.

ಸುಮ್ಮನಿದ್ದರೆ ಹುಡುಗಿ ಉಳಿಯುತ್ತಾಳೆ, ಹೆಂಡತಿಯೂ ಉಳಿಯುತ್ತಾಳೆ. ಈ ಮನುಷ್ಯ ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಎಲ್ಲ ಸರಿ. ಆದರೆ ಭಂಡಾರ ಮುಟ್ಟಿ ಕೊಟ್ಟ ಮಾತು? ಮುಂದಿನ ಶ್ರಾವಣ? ಅದರ ಮುಂದಿನದು? ತಾನು ಹೊದಿಸಿದ್ದನ್ನು ತಾನಲ್ಲದೆ ಯಾರು ಬಿಚ್ಚುತ್ತಾರೆ? ಅಂಬಣ್ಣ ಬಾಗಿ ಅಪ್ಪಲಸ್ವಾಮಿಯ ಭುಜ ಹಿಡಿದ.

"ಏಳಪ್ಪ, ಏಳು. ಅಲ್ಲಿ ನಿನ್ನ ಮಗಳಿಲ್ಲ. ಅಲ್ಲಿ ನನ್ನ ಮಗಳು ಮಲಗ್ಯಾಳ."

ಹಿಂದೆ ಬಂದು ನಿಂತಿದ್ದ ಗಿರ್ದಾವರರ ಕಡೆ ತಿರುಗಿದ. "ಹೇಳ್ರೀ ಸಾಹೇಬ್ರ ಅವನಿಗಿ. ಬನವ್ವ ಸತ್ತಾಳ. ನೀವು ಕೂಸು ಕೊಡೋಕಿಂತ ಮೊದಲೇ ಸತ್ತಾಳ. ನಾನೇ ನನ್ನ ಕೈಲೆ ಮಣ್ಣು ಹಾಕೀನಿ. ಅಲ್ಲಿ ನಿಂತಾಕಿ ಮಖಿನ್. ನಾನೇ ಆಕಿಗಿ ಸತ್ತಾಕಿ ಬಟ್ಟಿ ಉಡಿಸೀನಿ."

ಮಾಳಮ್ಮ ಹುಡುಗಿಯ ಕೈ ಹಿಡಿದು ಅಷ್ಟರಲ್ಲಿ ಹತ್ತಿರಕ್ಕೇ ಬಂದಿದ್ದಳು. "ಸುಳ್ಳ," ಅಂದಳು. ಮತ್ತೊಮ್ಮೆ "ಸುಳ್ಳ" ಅಂದಳು, ಈ ಸಲ ದನಿ ಅರ್ಧಕ್ಕೇ ನಿಂತಿತು. ಜೋಡಿಸಿದ ಕಲ್ಲುಗಳನ್ನು ನೋಡಿದಳು. ಹಿಡಿದ ಕೈ ಸಡಿಲವಾಯಿತು. ನಿಂತಲ್ಲೇ ಕುಸಿದು, ಆ ಕಲ್ಲುಗಳ ಮೇಲೆ ಹಣೆಯಿಟ್ಟು, ಒಂದೂವರೆ ವರ್ಷ ಒಳಗೇ ಇಟ್ಟುಕೊಂಡಿದ್ದ ಕೂಗನ್ನು ಕೂಗಿದಳು. ಹಟ್ಟಿಯಲ್ಲಿ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು.

ಗಿರ್ದಾವರರು ತಡವರಿಸುತ್ತ ತೆಲುಗಿನಲ್ಲಿ ಹೇಳಿದರು. ಅಪ್ಪಲಸ್ವಾಮಿ ಮಣ್ಣು ಮೆತ್ತಿದ ಮುಖವೆತ್ತಿ ಹುಡುಗಿಯನ್ನು ನೋಡಿದ.

ಹುಡುಗಿ ಅವನನ್ನು ನೋಡುತ್ತಿರಲಿಲ್ಲ. ಕಲ್ಲುಗಳನ್ನು ನೋಡಿದಳು, ಅವುಗಳ ಮೇಲೆ ಬಿದ್ದು ಬನವ್ವಾ ಬನವ್ವಾ ಎಂದು ಕರೆಯುತ್ತಿದ್ದ ಮಾಳಮ್ಮನನ್ನು ನೋಡಿದಳು. ತನ್ನನ್ನೇ ಕರೆಯುತ್ತಿದ್ದಾಳೆಂದು "ಅವ್ವಾ, ಇಲ್ಲೇ ಅದೀನಿ," ಅಂದಳು. ಮಾಳಮ್ಮ ತಿರುಗಿ ನೋಡಲಿಲ್ಲ. ಹುಡುಗಿ ಅಂಬಣ್ಣನ ಹತ್ತಿರ ಬಂದು ಅವನ ಕಂಬಳಿಯ ಅಂಚು ಹಿಡಿದಳು. ಅಳುತ್ತಿರಲಿಲ್ಲ. ಯಾವ ಕುರಿ ಯಾವಾಗ ಈಯಿತು ಅಂತ ಕೇಳುವ ಹಾಗೆ ಕೇಳಿದಳು.

"ಅಪ್ಪಾ, ನಾ ಯಾವಾಗ ಸತ್ತೆ?"

ಅಪ್ಪಲಸ್ವಾಮಿ ಮೊಣಕಾಲ ಮೇಲೆ ಎದ್ದು ಕೂತಿದ್ದ. ಮಗಳ ದನಿ ಕೇಳಿದ್ದೇ ಅವನ ಕಣ್ಣು ಅರಳಿದ್ದವು. ಏನಂದಳು, ಏನು ಕೇಳಿದಳು ಎಂದು ಗಿರ್ದಾವರರ ತೋಳು ಹಿಡಿದು ಅಲುಗಾಡಿಸಿದ.

ವೈಜಿನಾಥರಾಯರು ಮುಖ ಬೇರೆ ಕಡೆ ತಿರುಗಿಸಿಕೊಂಡರು.

"ಯಾವಾಗ ಹೊರಡೋದು ಅಂತ ಕೇಳ್ತಿದಾಳೆ," ಎಂದು ತೆಲುಗಿನಲ್ಲಿ ಹೇಳಿದರು.

ಅಪ್ಪಲಸ್ವಾಮಿ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ನಕ್ಕ. ಈಗಲೇ ಅಮ್ಮಾ, ಈಗಲೇ, ಎಂದು ತನ್ನ ಭಾಷೆಯಲ್ಲಿ ಅನ್ನುತ್ತ ಎರಡೂ ಕೈ ಚಾಚಿದ. ಹುಡುಗಿ ಕಂಬಳಿಯ ಅಂಚು ಬಿಡದೆ, ಅಂಬಣ್ಣ ಏನು ಹೇಳುತ್ತಾನೋ ಎಂದು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.